ಸಂಘಂ ಶಾಟ್: ವೆಬ್‌ಕಾಮಿಕ್ಕಿಗೆ ಓದುಗರ ಬಳಗ ಕಟ್ಟುವ ಬಗೆ

ಬೀದರಿನಿಂದ ಹೈದರಾಬಾದಿನ ದಿಕ್ಕಿಗೆ ಹೊರಟರೆ ಸುಮಾರು 30 ಕಿಲೋಮೀಟರಿಗೆ ಜಹೀರಾಬಾದ್ ಸಿಗುತ್ತದೆ. ಅದರ ಮಗ್ಗುಲಿಗೇ ಪಸ್ತಾಪುರ. 1983ರಲ್ಲಿ ಈ ಸೀಮೆಯಲ್ಲಿ ಕೆಲಸ ಶುರುಮಾಡಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆಲೆ ಇದು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವರು. ಊರೂರಿನಲ್ಲಿ ದಲಿತ ಹೆಂಗಸರ ಸಂಘಗಳು ಬೆಳೆದವು. 90ರ ದಶಕದಲ್ಲಿ ಆ ಹೆಂಗಸರೇ ವಿಡಿಯೋ ಕ್ಯಾಮೆರಾ ಕೈಗೆತ್ತಿಕೊಂಡರು. ಅಕ್ಷರ ಕಲಿಯದ, ಹೊಲದಲ್ಲಿ ಕಳೆ ತೆಗೆದ ಕೈಗಳು ಅವು.

ಕ್ಯಾಮೆರಾ ಕೋನಗಳಿಗೆ ಇಂಗ್ಲಿಷ್ ಹೆಸರುಗಳನ್ನು ಉರುಹೊಡೆಯುವ ಗೋಜಿಗೆ ಅವರು ಹೋಗಲಿಲ್ಲ. ತಮ್ಮ ಬದುಕಿನಿಂದಲೇ ಹೆಸರು ತೆಗೆದರು. ಮೇಲಿನಿಂದ ಕೆಳಗೆ ನೋಡಿದರೆ ಅದು ‘ಪಟೇಲ್ ಶಾಟ್’, ಊರಿನ ಪಟೇಲ ಕಟ್ಟೆಯ ಮೇಲೆ ಕೂತು ನೆಲದ ಮೇಲಿದ್ದವರನ್ನು ನೋಡುವ ನೋಟ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮ ಇಟ್ಟು ನೋಡಿದರೆ ‘ಸಂಘಂ ಶಾಟ್’, ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ದುಂಡಗೆ ಕೂರುತ್ತಾರೆ.

ಮೊಬೈಲಿನಲ್ಲಿ ವಾರಕ್ಕೊಂದು ಕಂತು ಚಿತ್ರಕಥೆ ಬಿಡುವವರು, ಅಂದರೆ ವೆಬ್‌ಕಾಮಿಕ್ ಮಾಡುವವರು, ‘ಓದುಗರು ಯಾಕೆ ಮಾತಾಡುವುದಿಲ್ಲ, ಯಾಕೆ ಬರೀ ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ’ ಎಂದು ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಮೂರು ಹೆಸರುಗಳು. ನಾವು ಓದುಗರನ್ನು ನೋಡುವುದು ಹೆಚ್ಚಾಗಿ ಪಟೇಲ್ ಶಾಟ್‌ನಲ್ಲಿ: ‘ನಾನು ಬರೆದಿದ್ದೇನೆ, ನೀವು ಮೆಚ್ಚಿರಿ.’ ಇಲ್ಲವೇ ಜೀತದಾಳಿನ ಶಾಟ್‌ನಲ್ಲಿ: ‘ದಯವಿಟ್ಟು ಲೈಕ್ ಮಾಡಿ, ಶೇರ್ ಮಾಡಿ.’ ಎರಡರಲ್ಲೂ ಮಾತು ಹುಟ್ಟುವುದಿಲ್ಲ. ಬಳಗ ಕಟ್ಟುವ ಕೆಲಸವೆಲ್ಲ ಓದುಗರ ಕಣ್ಣಿನ ಎತ್ತರಕ್ಕೆ ಬಂದು ಕೂರುವ ಕೆಲಸ. ಅದು ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಪಸ್ತಾಪುರದ ರೇಡಿಯೋ ಕಥೆಯಷ್ಟು ಒಳ್ಳೆಯ ಪಾಠ ನಾನು ಬೇರೆ ಕಂಡಿಲ್ಲ.

1998ರ ಹೊತ್ತಿಗೆ ಯುನೆಸ್ಕೋ ನೆರವಿನಿಂದ ಇಲ್ಲಿ ರೇಡಿಯೋ ಕೇಂದ್ರಕ್ಕೆ ಬೇಕಾದ ಏರ್ಪಾಡು ಆಗಿತ್ತು. ಪರವಾನಗಿ ಮಾತ್ರ ಇರಲಿಲ್ಲ. ರೇಡಿಯೋ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೆ ಜನರ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಬಿಡುವ ಸರ್ಕಾರಿ ನೀತಿ ಬಂದದ್ದು 2006ರಲ್ಲಿ. ನಡುವಿನ ಆ ವರ್ಷಗಳಲ್ಲಿ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಹಾಡು, ಬೀಜದ ಮಾತು, ಮನೆಮದ್ದು, ಜಗಳ, ಲೆಕ್ಕ ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿದರು. ಆ ಕ್ಯಾಸೆಟ್ಟುಗಳು ಸಂಘದ ಸಭೆಗಳಲ್ಲಿ ಮೊಳಗಿದವು. ಕೇಳಿದವರು ಅಲ್ಲೇ ಮಾತು ತೆಗೆದರು. ಕೊನೆಗೆ 2008ರ ಅಕ್ಟೋಬರ್ 15ರಂದು ಅದೇ ಸೀಮೆಯ ಮಾಚನೂರಿನಿಂದ 90.4 ಎಫ್‌ಎಂನಲ್ಲಿ ಸಂಘಂ ರೇಡಿಯೋ ಮಾತಾಡಿದಾಗ, ಕೇಳುಗರು ಹತ್ತು ವರ್ಷದಿಂದ ತಯಾರಾಗಿದ್ದರು. ಅದನ್ನು ನಡೆಸಿದ ಜನರಲ್ ನರಸಮ್ಮ, ಅಲ್ಗೋಲೆ ನರಸಮ್ಮ ಇಬ್ಬರ ದನಿಯೂ ಆ ಸೀಮೆಗೆ ಹೊಸದಾಗಿರಲಿಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲೂ ಇದೇ ನಡೆಯಿತು. ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋಗೆ ಗಾಳಿಯಲ್ಲಿ ಹೋಗಲು ಅನುಮತಿ ಇಲ್ಲದಿದ್ದಾಗ, 2003ರಲ್ಲಿ ಅದು ಕೇಬಲ್ ಟಿವಿಯ ತಂತಿಯಲ್ಲಿ ಮನೆಮನೆಗೆ ಹೋಯಿತು. ಟ್ರಾನ್ಸ್‌ಮಿಟರ್ ಬರುವ ಮುಂಚೆ ಬಳಗ ಬಂತು.

ಕಾಮಿಕ್ ಮಾಡುವವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಪುಟ, ಲೋಗೋ, ಹೆಸರು, ಮೂರು ಆ್ಯಪಿನಲ್ಲಿ ಖಾತೆ, ಆಮೇಲೆ ಓದುಗರಿಗಾಗಿ ಕಾಯುವುದು. ಮೊದಲ ತಿಂಗಳು ಅದ್ಯಾವುದೂ ಬೇಡ. ಮೊದಲ ಮೂರು ಕಂತು ಬರೆದು ಇಪ್ಪತ್ತು ಜನರ ಕೈಗೆ ಕೊಡಿ. ಕೊಟ್ಟು ಎದುರಿಗೆ ಕೂರಿ. ಇಪ್ಪತ್ತು ಯಾಕೆ? ಅಷ್ಟು ಜನರ ಹೆಸರು, ಊರು, ಅವರು ಎಲ್ಲಿ ನಕ್ಕರು ಎನ್ನುವುದು ನಿಮ್ಮ ತಲೆಯಲ್ಲಿ ಉಳಿಯುತ್ತದೆ. ಇನ್ನೂರಾದರೆ ಉಳಿಯುವುದಿಲ್ಲ. ಈ ಇಪ್ಪತ್ತರಲ್ಲಿ ಗೆಳೆಯರಷ್ಟೇ ಇದ್ದರೆ ಕೆಲಸ ಕೆಡುತ್ತದೆ, ಅವರು ನಿಮ್ಮ ಮುಖ ನೋಡಿ ಹೊಗಳುತ್ತಾರೆ. ಕಥೆ ಯಾರ ಬಗ್ಗೆಯೋ ಅಂಥವರೇ ಈ ಇಪ್ಪತ್ತರಲ್ಲಿ ಅರ್ಧ ಇರಬೇಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ನಾರಾಯಣಖೇಡದ ಕಡೆಯ ಹುಡುಗಿಯೊಬ್ಬಳು ಒಬ್ಬ ಆಯಿ, ಒಬ್ಬ ಮೊಮ್ಮಗಳು, ಒಂದು ಆಡು ಇಟ್ಟುಕೊಂಡು ಕಾಮಿಕ್ ಶುರುಮಾಡುತ್ತಾಳೆ. ಭಾಷೆ ಅವಳ ಮನೆಯ ಕನ್ನಡ. ‘ಏನ್ ಮಾಡ್ಲತ್ತಿ ಆಯಿ?’ ಎನ್ನುವ ಬೀದರ್ ಸೆರಗಿನ ಕನ್ನಡ, ನಡುನಡುವೆ ತೆಲುಗು, ದಖನಿ. ಅವಳ ಮುಂದೆ ಇರುವ ಮೊದಲ ತೊಡಕು ಬೆಂಗಳೂರಿನ ಕಾಮಿಕ್‌ಗಾರರಿಗೆ ಇರದಂಥದ್ದು. ಈ ಕರ್ನಾಟಕ–ತೆಲಂಗಾಣ ಗಡಿಯಲ್ಲಿ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗೋ ಉರ್ದುವೋ ಓದಿದವರು ಬಹಳ. ಅವಳ ಕಥೆ ಯಾರಿಗೆ ಎಲ್ಲರಿಗಿಂತ ಹತ್ತಿರವೋ ಅವರಲ್ಲೇ ಅನೇಕರಿಗೆ ಕನ್ನಡ ಅಕ್ಷರ ಓದಲು ಬಾರದು.

ಇಲ್ಲಿ ಪಸ್ತಾಪುರದ ಕ್ಯಾಸೆಟ್ ದಾರಿ ತೋರಿಸುತ್ತದೆ. ಪ್ರತಿ ಕಂತಿನ ಜೊತೆ ಒಂದು ನಿಮಿಷದ ಧ್ವನಿ ಸಂದೇಶ ಹೋಗಲಿ. ಆಯಿಯ ಮಾತನ್ನು ನಿಜವಾದ ಒಬ್ಬ ಆಯಿಯೇ ಓದಲಿ, ಅಥವಾ ಬಾಯಿಪಾಠ ಕೇಳಿಸಿಕೊಂಡು ಹೇಳಲಿ. ಹೀಗೆ ಮಾಡಿದರೆ ಚಿತ್ರ ನೋಡಿ ದನಿ ಕೇಳುವವರೂ ಬಳಗದೊಳಕ್ಕೆ ಬರುತ್ತಾರೆ. ಇನ್ನೊಂದು ದೊಡ್ಡ ಲಾಭವೂ ಇದೆ: ಉತ್ತರವೂ ದನಿಯಲ್ಲೇ ಬರುತ್ತದೆ. ಟೈಪ್ ಮಾಡಲು ಹಿಂಜರಿಯುವವರು ಮೈಕಿನ ಗುರುತು ಒತ್ತಿ ಹಿಡಿದು ಎರಡು ನಿಮಿಷ ಮಾತಾಡುತ್ತಾರೆ. ಕಣ್ಣು ಕಾಣದ ಓದುಗರಿಗೂ ಇದೇ ದಾರಿ. ಬಲೂನಿನೊಳಗಿನ ಮಾತನ್ನು ಚಿತ್ರದ ಕೆಳಗೆ ಯೂನಿಕೋಡ್ ಅಕ್ಷರದಲ್ಲೂ ಹಾಕಿಬಿಟ್ಟರೆ ಫೋನು ಅದನ್ನು ಓದಿ ಹೇಳಬಲ್ಲದು, ಹುಡುಕಿದವರಿಗೆ ಸಿಗಲೂಬಲ್ಲದು. ಚಿತ್ರದೊಳಗೆ ಸೇರಿಹೋದ ಅಕ್ಷರ ಯಾವ ಹುಡುಕಾಟಕ್ಕೂ ಸುಲಭವಾಗಿ ಸಿಗುವುದಿಲ್ಲ.

ಅಕ್ಷರದ ಮಾತು ಬಂದಿದ್ದರಿಂದ ಹೇಳುತ್ತೇನೆ. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷ್ ಕಾಮಿಕ್ ನೋಡಿ ಕಲಿತ ಅಳತೆಯ ಬಲೂನಿನಲ್ಲಿ ಕನ್ನಡದ ಎರಡು ಸಾಲು ಒಂದರ ಮೇಲೊಂದು ಬೀಳುತ್ತವೆ. ಬಲೂನನ್ನು ಮೊದಲು ಬರೆದು ಅಕ್ಷರ ತುರುಕುವುದಲ್ಲ, ಅಕ್ಷರ ಮೊದಲು ಇಟ್ಟು ಸುತ್ತ ಬಲೂನು ಎಳೆಯಬೇಕು. ಮಾತು ಹನ್ನೆರಡು ಪದ ದಾಟಿದರೆ ಇನ್ನೊಂದು ಚೌಕ ಮಾಡಿ. ಮುಗಿದ ಮೇಲೆ ಕಂಪ್ಯೂಟರಿನಲ್ಲಿ ನೋಡಿ ಸಮಾಧಾನಪಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಂಡು, ಹಳೆಯ ಫೋನಿನಲ್ಲಿ, ಬಿಸಿಲಲ್ಲಿ ನಿಂತು ಓದಿ. ಅಲ್ಲಿ ಓದಲಾಗದ ಕಾಮಿಕ್‌ಗೆ ಯಾವ ಬಳಗವೂ ಕೂಡುವುದಿಲ್ಲ.

ಇನ್ನು ಮಾತು ಹುಟ್ಟಿಸುವ ವಿಷಯ. ಇಂಟರ್‌ನೆಟ್ಟಿನ ಗುಂಪುಗಳನ್ನು ಗಮನಿಸಿದ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಮುಂದಿಟ್ಟರು: ನೂರರಲ್ಲಿ ತೊಂಬತ್ತು ಜನ ನೋಡುತ್ತಾರಷ್ಟೇ, ಒಂಬತ್ತು ಜನ ಆಗೀಗ ಬಾಯಿಬಿಡುತ್ತಾರೆ, ಒಬ್ಬರು ಬಹುಪಾಲು ಮಾತಾಡುತ್ತಾರೆ. ಈ ಅಂದಾಜು ಎಲ್ಲ ಕಡೆ ಹಾಗೇ ನಿಲ್ಲಬೇಕೆಂದಿಲ್ಲ, ಆದರೆ ಎದೆಗುಂದದೆ ಇರಲು ಒಳ್ಳೆಯದು. ಮೌನವಾಗಿರುವ ತೊಂಬತ್ತೂ ನಿಮ್ಮವರೇ. ಅವರನ್ನು ಮಾತಾಡಿಸಲು ಪೀಡಿಸುವುದು ತಪ್ಪು. ಒಂಬತ್ತನ್ನು ಹದಿನೈದು ಮಾಡುವುದು ಸಾಧ್ಯ, ಅದು ಕೇಳುವ ಪ್ರಶ್ನೆಯಲ್ಲಿದೆ.

‘ಈ ವಾರದ ಕಂತು ಹೇಗಿತ್ತು?’ ಎಂದರೆ ‘ಸೂಪರ್’ ಬರುತ್ತದೆ. ಅಲ್ಲಿಗೆ ಮಾತು ಸತ್ತಿತು. ಎಳ್ಳ ಅಮಾವಾಸ್ಯೆಯ ಕಂತು ಬರುವ ಎರಡು ವಾರ ಮೊದಲು ಹೀಗೆ ಕೇಳಿ ನೋಡಿ: ‘ನಿಮ್ಮ ಮನೆಯ ಭಜ್ಜಿಗೆ ಏನೇನು ಬೀಳುತ್ತದೆ? ಚರಗ ಚೆಲ್ಲುವಾಗ ನಿಮ್ಮ ಹೊಲದಲ್ಲಿ ಏನು ಕೂಗುತ್ತಾರೆ?’ ಬೀದರ್, ಕಲಬುರಗಿ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದಕ್ಕೆ ಸುಮ್ಮನಿರಲು ಆಗುವುದಿಲ್ಲ. ಒಬ್ಬರು ಅವರೆಕಾಳು ಎನ್ನುತ್ತಾರೆ, ಇನ್ನೊಬ್ಬರು ಹಸಿ ಕಡಲೆ ಇಲ್ಲದೆ ಅದು ಭಜ್ಜಿಯೇ ಅಲ್ಲ ಎನ್ನುತ್ತಾರೆ, ಮೂರನೆಯವರು ಸಜ್ಜೆ ರೊಟ್ಟಿ ಮರೆತಿರಲ್ಲ ಎಂದು ಬೈಯುತ್ತಾರೆ. ಎರಡು ವಾರದ ಮೇಲೆ ಕಂತಿನಲ್ಲಿ ಆಯಿ ಅದೇ ಭಜ್ಜಿ ಮಾಡುತ್ತಾ ಕೂತಿರಬೇಕು, ಚೌಕದ ಮೂಲೆಯಲ್ಲಿ ಹೇಳಿಕೊಟ್ಟವರ ಹೆಸರಿರಬೇಕು. ಓದುಗರಿಗೆ ಉತ್ತರ ಗೊತ್ತಿರುವ, ನಿಮಗೆ ನಿಜವಾಗಿಯೂ ಗೊತ್ತಿಲ್ಲದ ಪ್ರಶ್ನೆ ಕೇಳಿ. ಸಂಘಂ ಶಾಟ್ ಎಂದರೆ ಇದೇ. ಗೊತ್ತಿದ್ದೂ ಕೇಳುವ ನಾಟಕ ಜನರಿಗೆ ಬೇಗ ತಿಳಿಯುತ್ತದೆ.

ಇದು ಮೊಬೈಲ್ ಕಾಲದ ಹೊಸ ಶೋಧವೇನೂ ಅಲ್ಲ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’ ಮಾಸಪತ್ರಿಕೆಯಲ್ಲಿ ಎರಡು ಫೋಟೋ ಕೊಟ್ಟು, ಜೋಡಿ ಹೊಂದುವ ಶೀರ್ಷಿಕೆ ಕಾರ್ಡಿನಲ್ಲಿ ಬರೆದು ಕಳಿಸಿ ಎನ್ನುವ ಸ್ಪರ್ಧೆ ಇತ್ತು. ಬೇಡಿಕೆ ಎಷ್ಟು ಸಣ್ಣದು ನೋಡಿ: ಎರಡು ಪುಟ್ಟ ಸಾಲು. ಹತ್ತು ವರ್ಷದ ಮಗುವಿಗೂ ಆಗುವಂಥದ್ದು. ಬಹುಮಾನಕ್ಕಿಂತ ಹೆಸರು ಅಚ್ಚಾಗುವ ಆಸೆ ದೊಡ್ಡದು. 1980ರಲ್ಲಿ ಶುರುವಾದ ಮಕ್ಕಳ ಪತ್ರಿಕೆ ‘ಟಿಂಕಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಓದುಗರ ಕಥೆಗಳನ್ನೇ ಕೇಳಿತು. ಭಾರತದ ಎಷ್ಟೋ ಮಕ್ಕಳಿಗೆ ಗೊತ್ತಿರುವ ಅದರ ಪಾತ್ರ ಸುಪ್ಪಂಡಿ ತಿರುಚಿರಾಪಳ್ಳಿಯ ಓದುಗರೊಬ್ಬರು ಬರೆದು ಕಳಿಸಿದ ಕಥೆಯಿಂದ ಹುಟ್ಟಿದವನು. ಸಂಪಾದಕರು ಆ ಟಪಾಲನ್ನು ಓದದೆ ಬಿಟ್ಟಿದ್ದರೆ ಸುಪ್ಪಂಡಿ ಇರುತ್ತಿರಲಿಲ್ಲ.

ಹಾಗೆಂದು ಕಥೆಯ ಹಗ್ಗವನ್ನೇ ಓದುಗರ ಕೈಗೆ ಕೊಟ್ಟುಬಿಡಬಹುದೇ? ಅಮೆರಿಕದ ಆ್ಯಂಡ್ರೂ ಹಸ್ಸಿ ಅದನ್ನು ಮಾಡಿ ನೋಡಿದರು. ಅವರ ಮೊದಲ ವೆಬ್‌ಕಾಮಿಕ್‌ಗಳಲ್ಲಿ ಪಾತ್ರ ಮುಂದೇನು ಮಾಡಬೇಕೆಂದು ಓದುಗರೇ ಸೂಚಿಸುತ್ತಿದ್ದರು. 2009ರ ಏಪ್ರಿಲ್ 13ರಂದು ಶುರುವಾದ ‘ಹೋಮ್‌ಸ್ಟಕ್’ ಕೂಡ ಹಾಗೇ ಹೊರಟಿತು. ಓದುಗರು ಬೆಳೆದಂತೆ ಸೂಚನೆಗಳ ಪ್ರವಾಹ ಬಂತು, ಕಥೆ ಕೈತಪ್ಪುವ ಸ್ಥಿತಿ ಬಂತು, ಅವರು ಸೂಚನೆಯ ಪೆಟ್ಟಿಗೆ ಮುಚ್ಚಿದರು. ಆದರೆ ಓದುಗರನ್ನು ಹೊರಗೆ ಹಾಕಲಿಲ್ಲ. ಅವರಲ್ಲಿ ಹಾಡು ಕಟ್ಟಬಲ್ಲವರು ಸಂಗೀತ ಕೊಟ್ಟರು, ಚಿತ್ರ ಬರೆಯಬಲ್ಲವರು ಚಿತ್ರ ಕೊಟ್ಟರು. ಕಾಮಿಕ್ 2016ರವರೆಗೆ ನಡೆಯಿತು. ನನಗೆ ಇದರಲ್ಲಿ ಕಾಣುವ ಗೆರೆ ಇದು: ಕಥೆಯ ಬೆನ್ನೆಲುಬು ನಿಮ್ಮದು, ಮೈಮೇಲಿನ ಬಟ್ಟೆ ಬಳಗದ್ದು. ಆಯಿ ಸಾಯುತ್ತಾಳೋ ಇಲ್ಲವೋ ಎನ್ನುವುದಕ್ಕೆ ಮತ ಹಾಕಿಸಬೇಡಿ. ಆಡಿಗೆ ಏನು ಹೆಸರಿಡಬೇಕು, ಆಯಿಯ ಕೌದಿಯಲ್ಲಿ ಯಾವ ಬಣ್ಣದ ತುಂಡು ಇರಬೇಕು, ಸಂತೆಯಲ್ಲಿ ಅವಳು ಯಾರ ಜೊತೆ ಚೌಕಾಸಿ ಮಾಡಬೇಕು ಎನ್ನುವುದನ್ನು ಧಾರಾಳವಾಗಿ ಬಿಟ್ಟುಕೊಡಿ. ಈ ಗೆರೆಯನ್ನು ಮೊದಲ ದಿನವೇ ಹೇಳಿ. ಹೇಳದೆ ಆಮೇಲೆ ಎಳೆದರೆ ಜನರಿಗೆ ನೋವಾಗುತ್ತದೆ.

ಓದುಗರು ಕಳಿಸಿದ್ದು ಯಾರದ್ದು ಎನ್ನುವ ಪ್ರಶ್ನೆಯೂ ಮೊದಲ ದಿನದ್ದೇ. ಬರಿಯ ಯೋಚನೆಗೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಒಡೆತನವಿಲ್ಲ. ಆದರೆ ಅವರು ಬರೆದ ಸಾಲು, ಬಿಡಿಸಿದ ಚಿತ್ರ, ಕಟ್ಟಿದ ಹಾಡು ಅವರದೇ. ಮೂರು ವಾಕ್ಯದಲ್ಲಿ ಬರೆದಿಡಿ: ಬಳಸುವ ಮುಂಚೆ ಕೇಳುತ್ತೇವೆ, ಹೆಸರು ಹಾಕುತ್ತೇವೆ, ಪುಸ್ತಕವಾಗಿ ಮಾರಿದರೆ ಪಾಲು ಕೊಡುತ್ತೇವೆ. ಹೆಸರು ಬೇಡ ಎನ್ನುವವರಿಗೆ ಹೆಸರು ಹಾಕಬೇಡಿ. ಮಕ್ಕಳಾದರೆ ಮನೆಯ ಹಿರಿಯರನ್ನು ಕೇಳಿ.

ಬಳಗವನ್ನು ಯಾವ ಜಾಗದಲ್ಲಿ ಕೂರಿಸುವುದು? ನಮ್ಮ ಊರುಗಳಲ್ಲಿ ಉತ್ತರ ವಾಟ್ಸ್‌ಆ್ಯಪ್, ಇದರಲ್ಲಿ ಹೆಚ್ಚು ಯೋಚಿಸುವುದೇನಿಲ್ಲ. ಆದರೆ ಒಂದು ಎಚ್ಚರ ಅತಿ ಮುಖ್ಯ. ಸಾಮಾನ್ಯ ಗುಂಪಿಗೆ ಸೇರಿದವರ ಫೋನ್ ನಂಬರು ಉಳಿದವರಿಗೆಲ್ಲ ಕಾಣುತ್ತದೆ. ಹೆಣ್ಣುಮಕ್ಕಳು ಸೇರದೆ ಇರಲು, ಸೇರಿದರೂ ಬಾಯಿಬಿಡದೆ ಇರಲು ಇದೊಂದೇ ಕಾರಣ ಸಾಕು. ಕಂತು ಹಂಚಲು ಚಾನೆಲ್ ಇಟ್ಟುಕೊಳ್ಳಿ, ಅಲ್ಲಿ ಹಿಂಬಾಲಿಸುವವರ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಮಾತಿಗೆ ಬೇರೆ ಸಣ್ಣ ಗುಂಪು ಇರಲಿ, ಕೇಳಿ ಬಂದವರಿಗೆ ಮಾತ್ರ. ಗುಂಪಿಗೆ 1024 ಜನರ ಮಿತಿ ಇದೆ, ಆದರೆ ನನ್ನನ್ನು ಕೇಳಿದರೆ ನೂರು ದಾಟುವ ಮುಂಚೆಯೇ ಎರಡು ಮಾಡಬೇಕು. ನೂರರ ಮೇಲೆ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳು ಕಂತನ್ನು ಮುಳುಗಿಸುತ್ತವೆ.

ನಿಯಮಗಳನ್ನು ನೀವೊಬ್ಬರೇ ಬರೆದು ಅಂಟಿಸಿದರೆ ಅದು ಮತ್ತೆ ಪಟೇಲ್ ಶಾಟ್. ಮೊದಲ ಇಪ್ಪತ್ತು ಜನರ ಜೊತೆ ಕೂತು ಬರೆಯಿರಿ: ಯಾವ ಮಾತು ಇಲ್ಲಿ ನಡೆಯುವುದಿಲ್ಲ, ನಡೆದರೆ ಏನು. ಜಾತಿಯ ಮಾತು, ‘ಇದೆಂಥಾ ಕನ್ನಡ, ಶುದ್ಧ ಬರೆಯಲು ಬಾರದೇ’ ಎಂಬ ಹೀಯಾಳಿಕೆ, ಇವೆರಡಕ್ಕೆ ಮೊದಲೇ ಬೇಲಿ ಹಾಕಿ. ಎರಡನೆಯದನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ. ಗಡಿಯ ಕನ್ನಡ ಆಡುವವರು ಶಾಲೆಯಲ್ಲೂ ಬಸ್ಸಿನಲ್ಲೂ ಅದನ್ನು ಕೇಳಿ ಕೇಳಿ ಬಾಯಿಮುಚ್ಚಿಕೊಂಡವರು. ತಮ್ಮ ನುಡಿಯಲ್ಲೇ ಬಂದ ಕಾಮಿಕ್ಕಿನ ಬಳಗದಲ್ಲೂ ಅದೇ ಕೇಳಿಬಂದರೆ ಅವರು ಮರಳಿ ಬರುವುದಿಲ್ಲ. ಗುಂಪು ನೋಡಿಕೊಳ್ಳಲು ಕನಿಷ್ಠ ಮೂವರು ಇರಲಿ, ಅವರಲ್ಲಿ ಹೆಣ್ಣುಮಕ್ಕಳಿರಲಿ, ತೆಲುಗು ಮತ್ತು ದಖನಿ ಬೈಗುಳ ಅರ್ಥವಾಗುವವರು ಒಬ್ಬರಿರಲಿ.

ಇನ್ನು ಕಂತು ಬಿಡುವ ಹೊತ್ತು. ಸಂಘಂ ರೇಡಿಯೋ ಪ್ರಸಾರಕ್ಕೆ ಇಟ್ಟುಕೊಂಡದ್ದು ಸಂಜೆ 7ರಿಂದ 9. ಹೊಲದಿಂದ ಬಂದು ಒಲೆ ಹಚ್ಚಿ ಕೈಗೆ ಬಿಡುವಾಗುವ ಹೊತ್ತು. ನಿಮ್ಮ ಓದುಗರ ಬಿಡುವು ಯಾವಾಗ ಎಂದು ಕೇಳಿ ಒಂದೇ ದಿನ, ಒಂದೇ ಗಂಟೆ ಗೊತ್ತುಮಾಡಿ. ತಪ್ಪಬಾರದು. ವಾರಕ್ಕೆ ಮೂರು ಎಂದು ಹೇಳಿ ಒಂದು ತಪ್ಪಿಸುವುದಕ್ಕಿಂತ ತಿಂಗಳಿಗೆ ಎರಡು ಎಂದು ಹೇಳಿ ನಡೆಸುವುದು ಮೇಲು. ಹಗೇವಿನಲ್ಲಿ ಕಾಳಿದ್ದ ಹಾಗೆ ಆರು ಕಂತು ಮುಗಿಸಿ ಇಟ್ಟುಕೊಂಡೇ ಮೊದಲನೆಯದನ್ನು ಬಿಡಿ. ಜ್ವರ ಬರುತ್ತದೆ, ಪರೀಕ್ಷೆ ಬರುತ್ತದೆ, ತೊಗರಿ ರಾಶಿ ಬರುತ್ತದೆ. ಹಗೇವು ಎರಡು ಕಂತಿಗೆ ಇಳಿದಾಗ ಬಳಗಕ್ಕೆ ಮೊದಲೇ ಹೇಳಿ ಎರಡು ವಾರ ನಿಲ್ಲಿಸಿ. ಆ ಎರಡು ವಾರ ಓದುಗರ ಚಿತ್ರಗಳೇ ಹೋಗಲಿ.

ಹಣದ ಬಗ್ಗೆ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಬೇಗ ಬರುವಂಥದ್ದಲ್ಲ. ಅಮೆರಿಕದ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ ಕಡ್ಡಿಗೊಂಬೆ ಕಾಮಿಕ್ 2003ರಿಂದ ಪುಕ್ಕಟೆ ಓದಲು ಸಿಗುತ್ತಿತ್ತು. 2012ರಲ್ಲಿ ಅದರ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚುಹಾಕಲು 57,750 ಡಾಲರ್ ಬೇಕೆಂದು ಓದುಗರನ್ನು ಕೇಳಿದರು. ಹನ್ನೆರಡೂವರೆ ಲಕ್ಷ ಡಾಲರಿಗೂ ಹೆಚ್ಚು ಬಂತು. ಎಲ್ಲರೂ ಆ ಮೊತ್ತವನ್ನು ಹೇಳುತ್ತಾರೆ, ನನ್ನ ಕಣ್ಣು ಮಾತ್ರ ನಡುವಿನ ಒಂಬತ್ತು ವರ್ಷದ ಮೇಲೆ ನಿಲ್ಲುತ್ತದೆ. ಕನ್ನಡದಲ್ಲಿ ಆ ಮೊತ್ತದ ಕನಸು ಬೇಡ. ಒಂದು ವರ್ಷ ತಪ್ಪದೆ ನಡೆಸಿ, ಹನ್ನೆರಡು ಕಂತು ಸೇರಿಸಿ ಸಣ್ಣ ಪುಸ್ತಕ ಮಾಡಿ, ಅಚ್ಚಿನ ಲೆಕ್ಕವನ್ನು ಬಳಗದ ಮುಂದೆ ಬಿಚ್ಚಿಟ್ಟು ಮುಂಗಡ ಕೇಳಿ. ಲೆಕ್ಕ ತೋರಿಸುವುದರಲ್ಲಿ ಸಂಘದ ಹೆಂಗಸರು ನಮಗೆಲ್ಲ ಗುರುಗಳು.

ಕಡೆಯದಾಗಿ, ಫೋನಿನಿಂದ ಹೊರಗೆ ಬರುವುದು. ಪಸ್ತಾಪುರದ ಸಂಘಗಳು ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ‘ಪಾತ ಪಂಟಲ ಜಾತರ’ ಹೊರಡಿಸುತ್ತವೆ, ಹಳೆಯ ಬೆಳೆಗಳ ಜಾತ್ರೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಜೋಳ, ನವಣೆ, ಸಾಮೆ, ತೊಗರಿಯ ಬಗೆಬಗೆಯ ಬೀಜ ತುಂಬಿಕೊಂಡು ಸುಮಾರು ಒಂದು ತಿಂಗಳು ಊರೂರು ತಿರುಗುತ್ತವೆ. ರೇಡಿಯೋ ಇದ್ದರೂ ಗಾಡಿ ನಿಂತಿಲ್ಲ. ದನಿ ಕೇಳಿದವರಿಗೆ ಮುಖ ಕಾಣಬೇಕು, ಬೀಜ ಕೈಗೆ ಸಿಗಬೇಕು. ಕಾಮಿಕ್ಕಿಗೂ ಒಂದು ಗಾಡಿ ಬೇಕು.

ಅದರ ಅಗ್ಗದ ದಾರಿಯನ್ನು ವರ್ಲ್ಡ್ ಕಾಮಿಕ್ಸ್ ಇಂಡಿಯಾದ ಶರದ್ ಶರ್ಮಾ ಮತ್ತು ಜೊತೆಗಾರರು ದೇಶದ ಮೂಲೆಮೂಲೆಯಲ್ಲಿ ಕಲಿಸಿದ್ದಾರೆ. ಎರಡು ಎ4 ಹಾಳೆ ಅಂಟಿಸಿದರೆ ಒಂದು ಎ3 ಗೋಡೆ ಕಾಮಿಕ್. ನಾಲ್ಕು ಚೌಕ. ಕಪ್ಪು ಶಾಯಿ. ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಪ್ರತಿ. ಚಿತ್ರ ಕಲಿಯದವರೂ ತಮ್ಮ ಊರಿನ ಮಾತನ್ನು ಹೀಗೆ ಬರೆದು ಗೋಡೆಗೆ ಹಚ್ಚುತ್ತಾರೆ. ನಮ್ಮ ನಾರಾಯಣಖೇಡದ ಹುಡುಗಿ ತನ್ನ ಕಂತನ್ನು ನಾಲ್ಕು ಚೌಕಕ್ಕೆ ಇಳಿಸಿ, ನಾಲ್ಕನೆಯದರಲ್ಲಿ ಆಯಿಯ ಬಲೂನನ್ನು ಖಾಲಿ ಬಿಟ್ಟು, ದಾರಕ್ಕೆ ಒಂದು ಪೆನ್ನು ಕಟ್ಟಿ ಪಕ್ಕದಲ್ಲಿ ತೂಗುಬಿಡಲಿ. ಜಹೀರಾಬಾದಿನ ಬಸ್ ನಿಲ್ದಾಣದ ಚಹಾ ಅಂಗಡಿ, ತಾಂಡೂರಿನ ಕಲ್ಲಿನ ಪಾಲಿಶ್ ಘಟಕದ ಗೇಟು, ಕರ್ನಾಟಕದವರೂ ಬರುವ ಝರಾಸಂಗಂ ಕೇತಕಿ ಸಂಗಮೇಶ್ವರನ ಗುಡಿಯ ದಾರಿ, ಅಂಗಡಿಯವರನ್ನು ಕೇಳಿ ಒಂದೊಂದು ಕಡೆ ಹಚ್ಚಲಿ. ಕೆಳಗೆ ಚಾನೆಲ್ಲಿನ ಕ್ಯೂಆರ್ ಕೋಡ್ ಇದ್ದರೆ ಸಾಕು, ಮನವಿಯ ಮಾತು ಬೇಡ.

ಹಚ್ಚಿ ಮನೆಗೆ ಹೋಗಬಾರದು. ಒಂದು ಚಹಾ ಹೇಳಿ ಸ್ವಲ್ಪ ದೂರ ಕೂತು ನೋಡಬೇಕು. ಯಾರು ನಿಂತರು, ಎರಡನೇ ಚೌಕದಲ್ಲಿ ಯಾಕೆ ಮುಖ ತಿರುಗಿಸಿದರು, ಯಾರು ಪಕ್ಕದವರಿಗೆ ಓದಿ ಹೇಳಿದರು. ಸಂಜೆ ಹಾಳೆ ಬಿಚ್ಚಿ ತಂದು, ಖಾಲಿ ಬಲೂನಿನಲ್ಲಿ ಜನ ಏನು ಬರೆದಿದ್ದಾರೆ ಓದಬೇಕು, ತೆಲುಗಿನಲ್ಲಿ ಬರೆದಿದ್ದರೂ. ಎರಡನೇ ಚೌಕವನ್ನು ರಾತ್ರಿ ಮತ್ತೆ ಬರೆಯಬೇಕು.